ಇಕ್ಬಾಲನ ಚಿಂಚೋಳಿ ಸೋಲೋ ಹೊಗಳುತ್ತಿರುವವರಿಗೆ

ನಂಬಲಿಕ್ಕೇ ಆಗುತ್ತಿಲ್ಲ...
ಮುಂಜಾನೆ ವಾಡಿಯಿಂದ ಫೋನ್ ಬಂತು. ಇಕ್ಬಾಲ್ ಹೋದನಂತೆ. ನಿದ್ದೆಯಲ್ಲೇ...
ಹೋದ ಶುಕ್ರವಾರ ತಾನೇ ಫೋನ್ ಮಾಡಿ, ಕ್ರಿಕೆಟ್ ವಿಷಯಕ್ಕೆ ನನ್ನ ಜೊತೆ ಜಗಳಾಡಿದ್ದ.

ಅದಕ್ಕಿಂತ ನಂಬಲಿಕ್ಕಾಗದ್ದು ನಿಮ್ಮ ಪೋಸ್ಟುಗಳು.
"ಗಿಟಾರ್ ಕಿಂಗ್"...
"ಲೆಜೆಂಡ್"...
"ಮನಸ್ಸಿಗೆ ಬಂದಂತೆ ಬಾರಿಸುತ್ತಿದ್ದ ಮಾಂತ್ರಿಕ, ಚಿಂಚೋಳಿಯ ಆ ಸೋಲೋ ಸಾಯುವತನಕ ಮರೆಯುವುದಿಲ್ಲ"...
ಓದಿ ಓದಿ ಮೈ ಉರಿಯುತ್ತಿದೆ ನನಗೆ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಗೊತ್ತಿದ್ದವರು ನಾಚಿಕೆ ಇದ್ದರೆ ಓದಿ.

ಇಕ್ಬಾಲ್ ವಾಡಿಯ ಲೋಕೋ ಶೆಡ್ಡಿನಲ್ಲಿ ಫಿಟ್ಟರ್. ನಾನು ಸಿಮೆಂಟ್ ಫ್ಯಾಕ್ಟರಿಯಲ್ಲಿ. ಎಪ್ಪತ್ತರ ದಶಕದ ಕೊನೆಗೆ ಇಬ್ಬರೂ ಒಂದೇ ಆರ್ಕೆಸ್ಟ್ರಾದಲ್ಲಿದ್ದೆವು. ಆತನದು ಎಲೆಕ್ಟ್ರಿಕ್ ಗಿಟಾರ್, ನನ್ನದು ಕಾಂಗೋ ಡ್ರಮ್. ಸಿನಿಮಾ ಹಾಡುಗಳ ನಡುವೆ ನಮ್ಮ ಮಾಸ್ಟರ್ ಇಕ್ಬಾಲನಿಗೆ ಸ್ವಲ್ಪ ಹೊತ್ತು ತನ್ನದೇ ಒಂದು ರಾಕ್ ಸೋಲೋ ಬಾರಿಸಲು ಬಿಡುತ್ತಿದ್ದರು.

ಏನು ಬಾರಿಸುತ್ತಾನೆ ಅಂತ ಆತನಿಗೇ ಗೊತ್ತಿರುತ್ತಿರಲಿಲ್ಲ...
ಭಂಕೂರದ ಕಾರ್ಯಕ್ರಮದಲ್ಲಿ ಮುಂದೆಯೇ ಒಂದು ಕೂಸು ಅಳಲು ಶುರು ಮಾಡಿತು. ಆತ ಆ ಅಳುವನ್ನೇ ತಂತಿಯ ಮೇಲೆ ಹಿಡಿದ. ಕೂಸು ಸುಮ್ಮನಾಯಿತು, ಇಕ್ಬಾಲ್ ಆಗಲಿಲ್ಲ. ಕೂಸಿನ ತಾಯಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಆಮೇಲೆ ಶಹಾಬಾದ್.
ಹಾಡಿನ ನಡುವೆ ಒಂದು ಗೂಡ್ಸ್ ಗಾಡಿ ಸೀಟಿ ಹೊಡೆಯುತ್ತ ಹೋಯಿತು. ಆತ ಆ ಸೀಟಿಯಿಂದಲೇ ಎತ್ತಿಕೊಂಡ... ಎಲ್ಲಿಗೆ ಒಯ್ದ, ಹೆಂಗೆ ತಿರುಗಿಸಿದ, ಈಗಲೂ ಹೇಳಲು ಬರುವುದಿಲ್ಲ ನನಗೆ. ಕೈ ಸೋತು ಹೋದವು ನನ್ನವು.
ಅದನ್ನು ಯಾರೋ ಟೇಪ್ ರೆಕಾರ್ಡರಿನಲ್ಲಿ ಹಿಡಿದರು.
ಅಲ್ಲಿಗೆ ಕೆಟ್ಟಿತು.

ಆ ಕ್ಯಾಸೆಟ್ ಊರೂರ ಚಹಾ ಹೋಟೆಲುಗಳಿಗೆ ಹೋಯಿತು. ನಿಮಗೆಲ್ಲ ಒಂದೊಂದು ಸ್ವರ ಬಾಯಿಪಾಠ. ಫ್ಯಾನ್ಸ್ ಅಂತ ಹೆಸರು ಬೇರೆ ಇಟ್ಟುಕೊಂಡಿರಿ.

ಸೇಡಂನಲ್ಲಿ ಇಕ್ಬಾಲ್ ಬೇರೆಯೇ ಏನೋ ಬಾರಿಸಿದ, ಯಾವಾಗಿನ ಹಾಗೆ. ಒಬ್ಬ ಮಹಾಶಯ ಖುರ್ಚಿ ಬಿಟ್ಟು ಎದ್ದ.
"ಉಸ್ತಾದ್, ಮರ್ತೀರಿ ನೀವು. ಅಲ್ಲಿ ಮ್ಯಾಲ ಹೋಗ್ಬೇಕು, ಕೆಳಗ ಬಂದ್ರಿ. ನಾ ಹಾಡಿ ತೋರಸ್ಲೇನು?"
ಹಾಡಿಯೂ ತೋರಿಸಿದ, ಪುಣ್ಯಾತ್ಮ. ಎಲ್ಲರೂ ಚಪ್ಪಾಳೆ...
ಆತನ ಸೋಲೋ ಆತನಿಗೇ ಬರುವುದಿಲ್ಲ ಅಂತ ತೀರ್ಮಾನ ಆಯಿತು.
ಚಿತ್ತಾಪುರದಲ್ಲಿ ಚಪ್ಪಲಿ ಬಂತು. ಒಂದು ನನ್ನ ಕಾಂಗೋ ಮೇಲೆ ಬಿತ್ತು.

ಮಾಸ್ಟರ್ ಮರುದಿನ ಕರೆದು ಹೇಳಿದರು.
"ಕ್ಯಾಸೆಟ್ನಾಗ ಇದ್ದದ್ದು ಇದ್ದಂಗ ಬಾರ್ಸು. ಇಲ್ಲಂದ್ರ ಗುಲ್ಬರ್ಗಾದಾಗ ಒಬ್ಬ ಹುಡುಗ ಹಾನ, ಸೇಮ್ ಟು ಸೇಮ್ ಬಾರಸ್ತಾನ. ಅವನ್ನ ಕರ್ಕೊಂಡ್ ಬರ್ತೀನಿ."

ಇಕ್ಬಾಲ್...
ನಿನ್ನ ಮೇಲೂ ಸಿಟ್ಟಿದೆ ನನಗೆ. ಸತ್ತಿದ್ದೀಯ ಅಂತ ಬಿಡುವುದಿಲ್ಲ.
ಯಾಕೆ ಒಪ್ಪಿದೆ ಮಾರಾಯಾ?
ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಕೂತು, ಆ ಕ್ಯಾಸೆಟ್ಟನ್ನು ಹಿಂದೆ ತಿರುಗಿಸಿ ತಿರುಗಿಸಿ, ನಿನ್ನದನ್ನೇ ನೀನು ಪರರದ್ದು ಕಲಿಯುವಂತೆ ಕಲಿತೆಯಲ್ಲ... ಚಹಾ ಆರಿ ಕೆನೆ ಕಟ್ಟಿತ್ತು. ಎದ್ದು ಬಾ ಅಂದರೆ, "ತಡಿ ಬಸಣ್ಣ, ಇದೊಂದು ತುಕಡಾ ಕೂಡ್ವಲ್ದು" ಅಂದೆ.
ಸ್ಟೇಜ್ ಬಿಟ್ಟು ಇರಲು ನಿನಗೆ ಆಗುತ್ತಿರಲಿಲ್ಲ. ಗೊತ್ತು ನನಗೆ. ಆದರೂ ಸಿಟ್ಟು ಹೋಗುವುದಿಲ್ಲ.

ಹಾಂ, ಈಗ ನಿಮ್ಮ ಚಿಂಚೋಳಿ.
ಸ್ವರಕ್ಕೆ ಸ್ವರ ಬಾರಿಸಿದ. ಶಹಾಬಾದಿನಲ್ಲಿ ಬೆರಳು ಜಾರಿ ತಂತಿ ಒಂದು ಕಡೆ ಕಿರ್ ಅಂದಿತ್ತು, ಕ್ಯಾಸೆಟ್ಟಿನಲ್ಲೂ ಇತ್ತು ಅದು. ಚಿಂಚೋಳಿಯಲ್ಲಿ ಆ ತಪ್ಪನ್ನೂ ಅದೇ ಜಾಗದಲ್ಲಿ ಬೇಕಂತಲೇ ಮಾಡಿದ...
ಆ ಕಿರ್ ಬಂದ ಕೂಡಲೇ ನೀವು ಖುರ್ಚಿ ಹತ್ತಿ ಕುಣಿದಿರಿ. ಒನ್ಸ್ ಮೋರ್ ಅಂದಿರಿ. ಆತ ಅದನ್ನೇ ಮತ್ತೆ ಬಾರಿಸಿದ, ಕಿರ್ ಸಮೇತ.
ಇದಾ ನಿಮ್ಮ ಮನಸ್ಸಿಗೆ ಬಂದಂತೆ ಬಾರಿಸಿದ್ದು?
ಆತ ನಮ್ಮ ಸ್ಟೇಜಿನ ಮೇಲೆ ಮನಸ್ಸನ್ನು ಬದಿಗಿಟ್ಟು ಬಾರಿಸಿದ್ದು ಅದೊಂದೇ ಸಲ.

ಮರುದಿನ ಲಾರಿಯಲ್ಲಿ ಸಾಮಾನಿನ ಮೇಲೆ ಕೂತು ವಾಪಸ್ ಬರುವಾಗ, ಗಿಟಾರಿಗೆ ಬಟ್ಟೆ ಸುತ್ತುತ್ತ ಅಂದ.
"ಇನ್ನ ನಾ ಬರಂಗಿಲ್ಲ ಬಸಣ್ಣ. ನಾ ಯಾಕ್ ಬೇಕು? ಕ್ಯಾಸೆಟ್ ಅದಲ್ಲ."
ತಮಾಷೆ ಅಂದುಕೊಂಡೆ. ಆಮೇಲೆ ಒಂದು ದಿನವೂ ಬಾರಿಸಲಿಲ್ಲ ಆತ. ಮದುವೆಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ.

ಈಗ ವಾಡಿಯಲ್ಲಿ, ಆತನ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ.
ಒಳಗೆ ಮಗಳು ನಿಮ್ಮ ಪೋಸ್ಟುಗಳನ್ನು ಒಂದೊಂದಾಗಿ ತಾಯಿಗೆ ಓದಿ ಹೇಳುತ್ತಿದ್ದಾಳೆ. ಭಾಬಿ ಎಲ್ಲಾ ಕೇಳಿದರು. ಅವರು ಈ ಮನೆಗೆ ಬಂದದ್ದು ಆತ ಗಿಟಾರ್ ಬಿಟ್ಟ ಮೇಲೆ. ಬಾಗಿಲ ಹತ್ತಿರ ಬಂದು ನನ್ನನ್ನು ಕೇಳಿದರು.
"ಬಸಣ್ಣಾ, ಇಷ್ಟ್ ಮಂದಿ ಇವ್ರನ್ನ ಭಾಳ ಪ್ರೀತಿ ಮಾಡ್ತಿದ್ರಂತಲ್ಲ... ಮತ್ತ ಯಾಕ್ ಬಿಟ್ರು? ನನಗ ಒಮ್ಮಿನೂ ಬಾರ್ಸಿ ಕೇಳಸ್ಲಿಲ್ಲ ನೋಡ್ರಿ..."



ಇವತ್ತು ಇಳಿಹೊತ್ತಿನ ಅಸರ್ ನಮಾಜ್ ಆದ ಮೇಲೆ ಮಣ್ಣು. ಇಲ್ಲಿಯತನಕ ಶೆಡ್ಡಿನ ನಾಲ್ಕು ಮಂದಿ ಮುದುಕರು ಬಂದಿದ್ದಾರೆ, ಅಷ್ಟೇ. ಫ್ಯಾನ್ಸ್ ಪೈಕಿ ಒಬ್ಬನೂ ಇಲ್ಲ.
ಬನ್ನಿ. ಹೆಗಲು ಕೊಡಿ. ಭಾಬಿ ಬಾಗಿಲಲ್ಲೇ ಇರುತ್ತಾರೆ, ಕೇಳುತ್ತಾರೆ. ಉತ್ತರ ನೀವೇ ಹೇಳಿ.

ಹೋಗಿ ಬಾ ಇಕ್ಬಾಲ್...
ನಿನ್ನ ಜೀವಕ್ಕೆ ಶಾಂತಿ ಸಿಗಲಿ. ನಮಗೆ ಸಿಗುವುದು ಬೇಡ.