ಇದ್ದಿಲು ಬಸ್ಸಿಗೆ ಹೊಸ ಫಿಲ್ಟರ್ ಬಟ್ಟೆ

ಗೆಳೆಯರೇ, ಇವತ್ತು ನನ್ನ ಬಸ್ಸು ಎರಡು ಗಂಟೆ ತಡವಾಗಿ ಹೊರಟಿತು. ಯುದ್ಧದಿಂದಾಗಿ ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸಿನಲ್ಲೇ ಬಸ್ಸು ಓಡಿಸುತ್ತಿದ್ದೇನಲ್ಲ, ಅದರ ಮಸಿ ಇಂಜಿನ್ನಿಗೆ ಹೋಗದಂತೆ ತಡೆಯುವ ಫಿಲ್ಟರ್ ಬಟ್ಟೆ ಬೆಳಿಗ್ಗೆ ಹರಿದಿತ್ತು. ಅಂಗಡಿಗಳಲ್ಲಿ ಹೊಸದಿಲ್ಲ. ದೊಡ್ಡಬಳ್ಳಾಪುರದಲ್ಲಿ ಬಟ್ಟೆಗೇನು ಕೊರತೆ ಎಂದುಕೊಂಡು ನೇಕಾರ ರಾಮಣ್ಣನವರ ಮನೆಗೆ ಹೋದೆ.

ಅವರು ತೆಳುವಾದದ್ದು ತೋರಿಸಿದರು. ಬಾಯಿಗೆ ಹಿಡಿದು ಊದಿ ನೋಡಿ, ಮಸಿ ನಿಲ್ಲುವುದಿಲ್ಲ ಎಂದೆ. ದಪ್ಪನೆಯದು ತೋರಿಸಿದರು. ಗ್ಯಾಸೇ ದಾಟುವುದಿಲ್ಲ ಎಂದೆ.

"ಏನಪ್ಪಾ, ನಾನು ನೇಯೋದು ಜನ ಉಡೋಕೆ. ಇಂಜಿನ್ನಿಗೆ ಉಡಿಸೋಕಲ್ಲ," ಎಂದು ಸಿಟ್ಟಾದರು.

"ಅಣ್ಣಾ, ಬಸ್ಸು ಹೋಗ್ಲೇಬೇಕು. ನನ್ನ ಹೆಂಡ್ತಿ ಅವರಮ್ಮನ್ನ ನೋಡ್ಕೊಳ್ಳೋಕೆ ದೊಡ್ಡಬೆಳವಂಗಲಕ್ಕೆ ಹೋಗಿ ಮೂರು ತಿಂಗಳಾಯ್ತು. ಅಲ್ಲಿ ಬಸ್ಸು ನಿಲ್ಲೋ ಎರಡು ನಿಮಿಷದಲ್ಲೇ ನಾನು ದಿನಾ ಅವಳ ಮುಖ ನೋಡೋದು."

ರಾಮಣ್ಣ ಒಳಗೆ ಹೋದರು. ಉಟ್ಟು ಒಗೆದು ಮೆತ್ತಗಾಗಿದ್ದ ತಮ್ಮ ಹಳೆಯ ಪಂಚೆಯನ್ನು ತಂದು, ಎರಡು ಮಡಿಕೆ ಮಾಡಿ ಕೊಟ್ಟರು. ಅದು ಸರಿಹೋಯಿತು.

ದೊಡ್ಡಬೆಳವಂಗಲ ತಲುಪಿದಾಗ ಅವಳಿನ್ನೂ ಬಿಸಿಲಲ್ಲಿ ನಿಂತಿದ್ದಳು.

"ಇವತ್ತು ನೀವು ಬರಲ್ಲ ಅಂದ್ಕೊಂಡೆ," ಎಂದಳು. ಮುಂದೇನೋ ಹೇಳುವಷ್ಟರಲ್ಲಿ ಕಂಡಕ್ಟರ್ "ರೈಟ್" ಎಂದ.

ಆಗ ಇಂಜಿನ್ ನಿಂತುಹೋಯಿತು. ಇದ್ದಿಲು ಬಸ್ಸಿನ ಇಂಜಿನ್ ಒಮ್ಮೆ ನಿಂತರೆ ಮತ್ತೆ ಹೊರಡಿಸಲು ಕಾಲು ಗಂಟೆಯಾದರೂ ಬೇಕು. ಅದು ತಾನಾಗಿ ನಿಲ್ಲಲಿಲ್ಲ ಎಂಬುದನ್ನು ನಮ್ಮ ಕಂಡಕ್ಟರಿಗೆ ಮಾತ್ರ ಹೇಳಬೇಡಿ.