ಹಗಲು ಹೊತ್ತಿನಲ್ಲಿ ಮದುವೆಯಾದ ಬಳೆ ಅಂಗಡಿಯ ಅಕ್ಕ

ಮೊನ್ನೆ ಮೊಮ್ಮಗಳ ಮನೆಗೆ ಗಾಜಿನ ಲೋಟಗಳ ಪೆಟ್ಟಿಗೆ ಬಂತು. ಬಿಚ್ಚಿದರೆ ಒಳಗೆಲ್ಲ ಒಣಹುಲ್ಲು. ಈ ಕಾಲದಲ್ಲೂ ಹುಲ್ಲು ತುಂಬಿ ಕಳಿಸುವವರು ಇದ್ದಾರಲ್ಲ ಎಂದು ಬಗ್ಗಿ ಮೂಸಿ ನೋಡಿದೆ. ಅದು ಬಳೇಪೇಟೆಯ ವಾಸನೆ… ಹೊಸ ಬಳೆಯ ಪೆಟ್ಟಿಗೆ ಬಿಚ್ಚಿದಾಗ ಅಕ್ಕನ ಅಂಗಡಿಯಲ್ಲಿ ಹರಡುತ್ತಿದ್ದ ವಾಸನೆ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ನಲವತ್ತರ ದಶಕದ ಕೊನೆಯಲ್ಲಿ ಅವಳ ಬಳೆ ಅಂಗಡಿಯ ಜಗಲಿಯ ಮೂಲೆಯಲ್ಲಿ ನಾನು ರವಿಕೆ ಕಣಗಳ ಗಂಟು ಬಿಚ್ಚಿ ಕೂರುತ್ತಿದ್ದೆ. ಬಳೆಗೆ ಬಂದವಳು ರವಿಕೆ ನೋಡದೆ ಹೋಗಬಾರದು ಎಂಬುದು ನನ್ನ ಯೋಚನೆ. ವ್ಯಾಪಾರ ಶುರುಮಾಡುವವರಿಗೆ ಇಂದಿಗೂ ಹೇಳುತ್ತೇನೆ: ಸ್ವಂತ ಅಂಗಡಿಗೆ ಅವಸರ ಪಡಬೇಡಿ, ಮೊದಲು ಒಳ್ಳೆಯ ನೆರೆ ಹುಡುಕಿಕೊಳ್ಳಿ.

ಎಷ್ಟೋ ವರ್ಷ ಪಕ್ಕದಲ್ಲೇ ಕೂತು ವ್ಯಾಪಾರ ಮಾಡಿದ ಅಕ್ಕನ ಯಜಮಾನರು ಜ್ವರ ಬಂದು ತೀರಿಕೊಂಡರು. ಮಕ್ಕಳಿರಲಿಲ್ಲ. ಅಕ್ಕ ಅಂಗಡಿ ಮುಚ್ಚಲಿಲ್ಲ. ಹೆಂಗಸರು ಬಳೆ ಕೊಳ್ಳುತ್ತಿದ್ದರು, ಆದರೆ ಅವಳಿಂದ ತೊಡಿಸಿಕೊಳ್ಳುತ್ತಿರಲಿಲ್ಲ. ವಿಧವೆಯ ಕೈಯಿಂದ ಬೇಡವೆಂದು ಕಾಗದದಲ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಮದುವೆಗೆ ಮುಂಚೆ ಹೆಣ್ಣಿಗೆ ಬಳೆ ತೊಡಿಸುವ ಬಳೆಶಾಸ್ತ್ರಕ್ಕಂತೂ ಅವಳನ್ನು ಕರೆಯುವುದೇ ನಿಂತುಹೋಯಿತು.

ಆಗ ಬಂದವರು ಅಚ್ಚುಕೂಟದವರು. ಚಾಮರಾಜಪೇಟೆಯಲ್ಲಿ ಮನೆ, ಅಚ್ಚಿನ ಮೊಳೆ ಜೋಡಿಸುವ ಕೆಲಸ, ಹೆಂಡತಿ ಹೋಗಿ ವರ್ಷಗಳಾಗಿದ್ದವು. ಮಗಳ ಮದುವೆಗೆ ಬಳೆ ಆರಿಸಿ ಆದ ಮೇಲೆ ಅಕ್ಕನಿಗೆ ಹೇಳಿದರು:

"ಬಳೆಶಾಸ್ತ್ರಕ್ಕೆ ನೀವೇ ಬಂದು ತೊಡಿಸ್ಬೇಕು."

"ನಂಗೆ ಯಜಮಾನ್ರಿಲ್ಲ. ಗೊತ್ತಿಲ್ವಾ ನಿಮ್ಗೆ?"

"ಗೊತ್ತು. ನನ್ನ ಮಗಳಿಗೂ ತಾಯಿ ಇಲ್ಲ. ನೋಯಿಸ್ದೆ ಬಳೆ ಏರ್ಸೋ ಕೈ ಸಾಕು ಅವಳಿಗೆ."

ಅಕ್ಕ ಹೋದಳು. ನೆಂಟರ ಹೆಂಗಸರು ಗೊಣಗುತ್ತಿದ್ದರೂ ಮದುವಣಗಿತ್ತಿ ತಾನೇ ಬಂದು ಅವಳ ಮುಂದೆ ಕೈ ಚಾಚಿ ಕೂತಳಂತೆ.

ಮದುವೆ ಮುಗಿದ ಮೇಲೂ ಅಚ್ಚುಕೂಟದವರು ಅಂಗಡಿಗೆ ಬರುತ್ತಲೇ ಇದ್ದರು. ಮನೆಯಲ್ಲಿ ಬಳೆ ತೊಡುವವರೇ ಇಲ್ಲ… ಏನೂ ಕೊಳ್ಳದ ಗಿರಾಕಿಗೆ ಅಕ್ಕ ಕಾಫಿ ತರಿಸಿದ ದಿನ ನನಗೆ ವಿಷಯ ತಿಳಿಯಿತು.

"ಏನಕ್ಕ, ನಂಗೆ ಒಂದಿನಾನೂ ತರಿಸ್ಲಿಲ್ವಲ್ಲ ನೀನು" ಎಂದೆ.

"ನಿನ್ನ ರವಿಕೆ ನೀನು ಮಾರ್ಕೊಳ್ಳೇ" ಎಂದು ಬೈದಳು. ಯಜಮಾನರು ಹೋದಮೇಲೆ ಅವಳು ಯಾರನ್ನೂ ಬೈದಿರಲಿಲ್ಲ. ನನಗೆ ಹಬ್ಬ ಮಾಡಿದಷ್ಟು ಸಂತೋಷವಾಯಿತು.

ನಮ್ಮ ಜನದಲ್ಲಿ ಗಂಡ ಸತ್ತವಳಿಗೆ ಮತ್ತೆ ಮದುವೆ ಮಾಡುವುದುಂಟು. ಆದರೆ ಅದಕ್ಕೆ ಕೂಡಾವಳಿ ಎಂದು ಬೇರೆ ಹೆಸರು. ಕತ್ತಲಾದ ಮೇಲೆ, ವಾಲಗವಿಲ್ಲದೆ, ಹಿತ್ತಿಲ ಬಾಗಿಲಿನಿಂದ ಕಳಿಸಿಬಿಡುತ್ತಿದ್ದರು. ತೀರಿಕೊಂಡ ಯಜಮಾನರ ಅಣ್ಣ ಮನೆಗೆ ಹಿರಿಯರು, ಅಕ್ಕನಿಗೆ ಭಾವ. ಅವರು ಬೇಡವೆನ್ನಲಿಲ್ಲ, ಪದ್ಧತಿಯಂತೆ ನಡೆಯಲಿ ಎಂದರು. ಒಪ್ಪದವಳು ಅಕ್ಕ.

"ಕತ್ಲಲ್ಲಿ ಹೋದ್ರೆ ಕದ್ದು ಹೋದಂಗಿರತ್ತೆ. ಆಮೇಲೆ ಅಂಗಡೀಲಿ ಕೂತು ಯಾವ ಮುಖ ಇಟ್ಕೊಂಡು ಬಳೆ ತೊಡಿಸ್ಲಿ? ಹಗಲಲ್ಲಿ ಆಗೋದಾದ್ರೆ ಆಗ್ಲಿ. ಇಲ್ದಿದ್ರೆ ಬೇಡವೇ ಬೇಡ."

ಅಚ್ಚುಕೂಟದವರ ಮುಖ ಸಣ್ಣಗಾಯಿತು. ಸೆರಗು ಸಿಕ್ಕಿಸಿಕೊಂಡು ಮಾತಿಗೆ ಹೊರಟವಳು ನಾನು. ಚೌಕಾಸಿಗೆ ಹೋಗುವವರು ತಮಗೆ ಬೇಕಾದ್ದನ್ನು ಮೊದಲೇ ಬಾಯಿಬಿಡಬಾರದು, ಕೇಳಿಟ್ಟುಕೊಳ್ಳಿ.

"ಭಾವನೋರೇ, ಬಳೇಪೇಟೆ ತುಂಬ ಮೆರವಣಿಗೆ ಮಾಡ್ಬೇಕಂತಿದೀವಿ."

"ಮೆರವಣಿಗೇನಾ? ತಲೆ ಕೆಟ್ಟಿದ್ಯೇನಮ್ಮ ನಿಂಗೆ?"

"ಹೋಗ್ಲಿ, ಬಿಡಿ. ವಾಲಗ ಆದ್ರೂ ಊದಿಸೋಣ."

"ವಾಲಗಾನೂ ಇಲ್ಲ, ಗೀಲಗಾನೂ ಇಲ್ಲ."

"ಹಿರಿಯರ ಮಾತು ಮೀರಕ್ಕಾಗತ್ತಾ? ಹಂಗಾದ್ರೆ ಬೆಳಿಗ್ಗೆ ಹೊತ್ತು, ಮುಂಬಾಗಿಲಲ್ಲಿ, ಸದ್ದಿಲ್ದಂಗೆ ಮುಗಿಸ್ಬಿಡೋಣ."

ಎರಡು ಸಲ ಗೆದ್ದ ಗತ್ತಿನಲ್ಲಿ ಅವರು ಹೂಂ ಎಂದುಬಿಟ್ಟರು. ನಾನು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕೇಳಿದರು: "ಏನಮ್ಮ, ರವಿಕೇನೂ ಹಿಂಗೇ ಮಾರ್ತೀಯಾ?"

ಅಕ್ಕ ಅಚ್ಚುಕೂಟದವರಿಗೂ ಒಂದು ಮಾತು ಹೇಳಿದಳು. ಮೊದಲ ಯಜಮಾನರ ಪಟ ಅವಳ ಜೊತೆಗೇ ಬರುತ್ತದೆ. ಅವರು ಮನೆಗೆ ಹೋಗಿ, ತಮ್ಮ ಹೆಂಡತಿಯ ಪಟದ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದು ಬಂದರು. ಜೊತೆ ಹುಡುಕುವವರು ಇಂಥದ್ದನ್ನು ನೋಡಿಕೊಳ್ಳಬೇಕು. ಸಂಬಳ, ಸೈಟು ಆಮೇಲೆ.

ಮದುವೆಯ ದಿನ ಅಕ್ಕನಿಗೆ ಬಳೆ ತೊಡಿಸಲು ಯಾವ ಮುತ್ತೈದೆಯೂ ಮುಂದೆ ಬರಲಿಲ್ಲ. ನನಗಿನ್ನೂ ಮದುವೆಯಾಗಿರಲಿಲ್ಲ. ಅಚ್ಚುಕೂಟದವರ ಮಗಳು ಗಂಡನ ಮನೆಯಿಂದ ಬಂದಿದ್ದಳು. ಅವಳೇ ಕೂತು ತೊಡಿಸಿದಳು. ಅಭ್ಯಾಸವಿಲ್ಲದ ಹುಡುಗಿ, ಮುಂಗೈ ತರಚಿತು. ಅಕ್ಕ ಕೈ ಎಳೆದುಕೊಳ್ಳಲಿಲ್ಲ. ಆಮೇಲೆ ಮುಂಬಾಗಿಲು ದಾಟಿ ಬಿಸಿಲಿಗೆ ಬಂದು, ಅಂಗಡಿಸಾಲಿನ ನಡುವೆ ತಲೆಯೆತ್ತಿ ನಡೆದಳು. ತೂಕ ಹಾಕುತ್ತಿದ್ದವರು ತಕ್ಕಡಿ ಹಿಡಿದುಕೊಂಡೇ ನೋಡುತ್ತಿದ್ದರು. ಅವಳ ಹಿಂದೆ ನಡೆದ ನನಗೆ, ಆ ಬೀದಿಯೇ ನನ್ನದು ಎನ್ನಿಸಿತ್ತು.

ಆ ವಾರವೇ ಗರ್ಭಿಣಿಯೊಬ್ಬಳು ಅಂಗಡಿಯ ಹಲಗೆಯ ಮೇಲೆ ಕೂತು, "ನೀವೇ ತೊಡಿಸಿ, ಅಕ್ಕ" ಎಂದು ಕೈ ಚಾಚಿದಳು.

ಮುಂದೆ ಹನುಮಂತನಗರದಲ್ಲಿ ಮನೆ ಮಾಡಿಕೊಂಡು ಇಬ್ಬರೂ ಬಹಳ ವರ್ಷ ಬಾಳಿದರು. ಮೊದಲು ಅವರು ಹೋದರು, ಆಮೇಲೆ ಅಕ್ಕ… ಹೋದ ತಿಂಗಳು ಬಳೇಪೇಟೆಗೆ ಹೋಗಿದ್ದೆ. ಆ ಅಂಗಡಿ ಇದ್ದ ಜಾಗ ಗುರುತೇ ಸಿಗಲಿಲ್ಲ. ಅಲ್ಲೊಂದು ಅಂಗಡಿಯಲ್ಲಿ ಕೂತಿದ್ದ ಹುಡುಗಿಯನ್ನು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ.

"ಹಗಲಲ್ಲಿ ಮದುವೆ ಆದ್ಳಲ್ಲ, ಅವಳ ಅಂಗಡಿ ಕಣಮ್ಮ" ಎಂದೆ.

ಅವಳು ನಕ್ಕಳು. "ಅಜ್ಜಿ, ಎಲ್ರೂ ಹಗಲಲ್ಲೇ ಅಲ್ವಾ ಆಗೋದು?"