ಬಾಯ್ಲರ್ ಮಾದಪ್ಪನವರಿಗೆ ಓದಿ ಹೇಳಿದ್ದು

ಬಾಯ್ಲರ್ ಮಾದಪ್ಪನವರಿಗೆ ಹುಬ್ಬುಗಳಿರಲಿಲ್ಲ. ಕೊಳ್ಳೇಗಾಲದ ರೇಷ್ಮೆ ರೀಲಿಂಗ್ ಘಟಕಗಳಲ್ಲಿ ಗೂಡು ಬೇಯಿಸುವ ಬಾಯ್ಲರುಗಳನ್ನು ಮೂವತ್ತು ವರ್ಷ ರಿಪೇರಿ ಮಾಡಿ, ಹಬೆಗೆ ಮುಖ ಕೊಟ್ಟು ಕೊಟ್ಟು, ಹೋದ ಕೂದಲು ಮತ್ತೆ ಬರಲೇ ಇಲ್ಲವಂತೆ. ಹಾಗಾಗಿ ಯಾವಾಗ ನೋಡಿದರೂ ಈಗಷ್ಟೇ ಏನನ್ನೋ ಕೇಳಿ ಬೆರಗಾದವರ ಹಾಗೆ ಕಾಣುತ್ತಿದ್ದರು. ಮೊದಲ ಸಲ ಕಂಡಾಗ ನಾನು ಬೆಪ್ಪಳಂತೆ ದಿಟ್ಟಿಸಿಬಿಟ್ಟೆ. ಅವರೇ ನಕ್ಕರು. "ಅಬೆ ತಕಂಡೋಯ್ತು ಬುಡಿ ಮೇಡಮ್ಮೋರೆ. ನಮ್ಮನೇವ್ಳು ಕಾಡಿಗೇಲಿ ಬರ್ದ್ಕೊಡ್ತೀನಿ ಬಾ ಅಂತಾಳೆ, ನಾನೇ ಬ್ಯಾಡ ಅಂದೆ."

ನಾನಾಗ ಹನೂರಿನಿಂದ ದಿನಾ ಬಸ್ಸಿನಲ್ಲಿ ಓಡಾಡಿಕೊಂಡು ಕೊಳ್ಳೇಗಾಲದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಕನ್ನಡ ಮಾಧ್ಯಮದಲ್ಲೇ ಓದಿ, ಗೈಡು ಉರು ಹೊಡೆದು ಕೆಲಸ ಹಿಡಿದವಳು. ನನ್ನ ಇಂಗ್ಲಿಷು ಹೊರಗೆ ಇಸ್ತ್ರಿ, ಒಳಗೆಲ್ಲ ತೇಪೆ. ಅದು ಯಾವತ್ತು ಯಾರ ಮುಂದೆ ಬಿಚ್ಚಿಕೊಳ್ಳುತ್ತದೋ ಎಂದು ಸದಾ ಪುಕಪುಕ. ಮಕ್ಕಳು ಗೊತ್ತಿಲ್ಲದ ಪದ ಕೇಳಿದರೆ "ಮೊದಲು ಹೋಂವರ್ಕ್ ತೋರಿಸು" ಎಂದು ಗದರಿ ಪಾರಾಗುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ.

ಅಂಥವಳನ್ನು ಹುಡುಕಿಕೊಂಡು ಮಾದಪ್ಪನವರು ಶಾಲೆಗೇ ಬಟ್ಟೆಯಲ್ಲಿ ಸುತ್ತಿದ ಹಳೇ ಪುಸ್ತಕವೊಂದನ್ನು ತಂದರು. ಮೈಸೂರಿನ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕಿದ್ದಂತೆ. ರೈಲು ಹುಟ್ಟಿದ ಕಾಲದ ಹಬೆ ಎಂಜಿನ್ನುಗಳನ್ನು ಮೊಣಕಾಲೆತ್ತರಕ್ಕೆ ಇಳಿಸಿ, ನಿಜವಾಗಿ ಓಡುವ ಹಾಗೆ ಕಟ್ಟುವುದು ಹೇಗೆ ಎಂಬ ಪುಸ್ತಕ. ಉದ್ದ ಹೊಗೆಕೊಳವೆಯ, ನಾಲ್ಕು ಚಕ್ರದ, ಬೋಳು ಬೋಳಾದ ಒಂದು ಎಂಜಿನ್ನಿನ ಚಿತ್ರದ ಮೇಲೆ ಬೆರಳಿಟ್ಟು, "ಇದ ಮಾಡ್ಬೇಕು. ನೀವು ಓದಿ ಏಳ್ತಾ ಓಗಿ, ನಾನು ಮಾಡ್ತಾ ಓಯ್ತೀನಿ" ಎಂದರು.

ಫೋನು ಹಿಡಿದರೆ ಅದೇ ಕನ್ನಡ ಮಾಡಿಕೊಡುತ್ತದಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದೆ. "ಫೋನು ಸುಳ್ಳೇಳುದ್ರೆ ಯಾರ್ನ ಕೇಳನ? ನೀವಾದ್ರೆ ಇಲ್ಲೇ ಇರ್ತೀರ" ಎಂದರು. ಇದೆಲ್ಲ ಯಾಕೆ ಬೇಕು ನಿಮಗೆ ಎಂದದ್ದಕ್ಕೆ, "ನಮ್ಮೂರ್ಗೆ ರೈಲು ಬರಾಗಂಟ ಕಾಯಕ್ಕೆ ನಂಗೆ ಆಯಸ್ಸಿಲ್ಲ ಕಣಮ್ಮ. ಜೀವಮಾನ ಎಲ್ಲ ಅಬೆ ತಕಂಡು ಉಳ ಬೇಯ್ಸಿದ್ದೇ ಆಯ್ತು. ಒಂದ್ಸಲನಾರ ಅದು ಎದ್ದು ನಡೆಯಾದ ನೋಡ್ಬೇಕು" ಎಂದರು. ರೇಷ್ಮೆಹುಳು ಬೇಯುವ ವಾಸನೆಯಲ್ಲೇ ಬೆಳೆದ ನನಗೆ ಆ ಮಾತು ಎದೆಗೆ ನಾಟಿತು. ಹೂಂ ಎಂದೆ.

ಅಲ್ಲಿಂದ ಪ್ರತಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವರ ಶೆಡ್ಡಿಗೆ ಹೋಗುವುದು ರೂಢಿಯಾಯಿತು. ನಾನು ಸ್ಟೂಲಿನ ಮೇಲೆ ಕೂತು ಓದುವುದು, ಅವರು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಕೇಳುವುದು. ತಾಯಿಯ ಕಾಲದ ತಾಮ್ರದ ಹಂಡೆಯನ್ನು ಕತ್ತರಿಸಿ ಬಡಿದು ಬಾಯ್ಲರ್ ಮಾಡತೊಡಗಿದ್ದರು. "ನಮ್ಮವ್ವ ಇದ್ರಲ್ಲೇ ನಂಗೆ ನೀರುಯ್ದಿದ್ದು. ಅಂಡೆಗೆ ಪ್ರಮೋಷನ್ನು!" ಎಂದು ಹೇಳಿಕೊಂಡು ತಾವೇ ನಗುತ್ತಿದ್ದರು.

ಒಂದು ದಿನ 'ಎಕ್ಸೆಂಟ್ರಿಕ್' ಎಂಬ ಪದ ಬಂತು. ನನಗೆ ತಿಳಿದದ್ದು ಒಂದೇ ಅರ್ಥ. "ಚಕ್ರದ ಅಚ್ಚಿನ ಮೇಲೆ ಒಬ್ಬ ಅರೆಹುಚ್ಚ ಇರಬೇಕಂತೆ" ಎಂದೆ. ಮಾದಪ್ಪನವರು ಚಿತ್ರ ನೋಡಿದರು. ಒಂದು ಗುಂಡು ಬಿಲ್ಲೆ, ನಡುವೆ ಕೊರೆಯಬೇಕಾದ ತೂತನ್ನು ಪಕ್ಕಕ್ಕೆ ಕೊರೆದಿದ್ದಾರೆ. "ಸರಿಯಾಗೇ ಅದೆ ಬುಡಿ. ನಡುಮದ್ಯ ತಿರುಗ್ದೆ ವಾರೆವಾರೆ ತಿರುಗ್ತಾನೆ. ಉಚ್ಚನೇ ಇವ್ನು!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೋ ಎಲ್ಲಿಲ್ಲದ ಧೈರ್ಯ ಬಂದುಬಿಟ್ಟಿತು. ಅಂದಾಜಿನಲ್ಲೇ ದಾಟಬಹುದು, ಏನೂ ಆಗುವುದಿಲ್ಲ ಅಂದುಕೊಂಡೆ.

ಆ ಧೈರ್ಯದ ಮೇಲೇ ಆ ಸಾಲಿಗೆ ಬಂದೆವು. ಬಾಯ್ಲರಿನ ಎರಡೂ ಚಪ್ಪಟೆ ತುದಿಗಳನ್ನು 'ಸ್ಟೇ' ಮಾಡಬೇಕು ಎಂದಿತ್ತು. ಸ್ಟೇ ಅಂದರೆ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಹನೂರಿನಲ್ಲಿ ನಮ್ಮ ಚಿಕ್ಕಪ್ಪನ ಹೊಲಕ್ಕೆ ದಾಯಾದಿಗಳು ಕೋರ್ಟಿನಿಂದ ಸ್ಟೇ ತಂದು ವರ್ಷಗಳೇ ಆಗಿದ್ದವು. ಹೊಲ ಇದ್ದ ಹಾಗೇ ಬಿದ್ದಿತ್ತು. "ತುದಿಗಳನ್ನ ಇದ್ದ ಹಾಗೇ ಬಿಡಬೇಕಂತೆ, ಏನೂ ಮಾಡಬಾರದಂತೆ" ಎಂದೆ. ಮಾದಪ್ಪನವರು ತಲೆ ಎತ್ತಿ, "ಅಂಗೇ ಬರ್ದವ್ರಾ? ದಿಟವಾಗ್ಲೂ?" ಎಂದು ಕೇಳಿದರು. "ದಿಟವಾಗ್ಲೂ" ಎಂದೆ. ಎಂಥ ಬಾಯಿ ನನ್ನದು!

ಬಾಯ್ಲರ್ ಮುಗಿದ ಶನಿವಾರ ಪರೀಕ್ಷೆ. ಮಾದಪ್ಪನವರು ಎಂದೂ ಮೊದಲೇ ಬೆಂಕಿ ಹಾಕುತ್ತಿರಲಿಲ್ಲ. ಬಾಯ್ಲರಿಗೆ ತಣ್ಣೀರು ತುಂಬಿ ಕೈಪಂಪಿನಿಂದ ಒತ್ತಡ ಏರಿಸಿ ನೋಡುತ್ತಿದ್ದರು. "ನೀರು ಒಡುದ್ರೆ ಮಕ ತೊಳಿತದೆ, ಅಬೆ ಒಡುದ್ರೆ ತಿಥಿ ಮಾಡ್ತದೆ" ಎಂಬುದು ಅವರ ಗಾದೆ. ಒತ್ತಡದ ಗೇಜಿನ ಮುಳ್ಳು ಏರುತ್ತಾ ಹೋಯಿತು. ನೋಡನೋಡುತ್ತಿದ್ದಂತೆ ಮುಂದಿನ ತುದಿಯ ತಾಮ್ರದ ತಗಡು ಪೂರಿಯ ಹಾಗೆ ಉಬ್ಬಿ, ಅಂಚಿನಲ್ಲಿ ಚರ್ರೆಂದು ಹರಿದು, ನೀರು ಇಬ್ಬರ ಮುಖಕ್ಕೂ ರಾಚಿತು. ಅವರು ಹೆಗಲ ವಸ್ತ್ರದಲ್ಲಿ ಮುಖ ಒರೆಸಿಕೊಂಡು, "ನನ್ ಬೆಸುಗೆ ಸರಿಗಿಲ್ಲ. ವಯಸ್ಸಾಯ್ತು, ಕೈ ನಡುಗ್ತದೆ. ದಪ್ಪ ತಗಡು ಆಕಿ ಇನ್ನೊಂದಪ ಮಾಡಾನ" ಎಂದರು.

ಬಸ್ಸಿನಲ್ಲಿ ಕೂತರೂ ಏನೋ ಚುಚ್ಚುತ್ತಿತ್ತು. ಸೋಮವಾರ ಶಾಲೆಯ ದೊಡ್ಡ ನಿಘಂಟು ತೆಗೆದೆ. ಸ್ಟೇ ಪದದ ಕೆಳಗೆ ಐದನೆಯದೋ ಆರನೆಯದೋ ಅರ್ಥ: ಬೀಳದಂತೆ, ಉಬ್ಬದಂತೆ ಎಳೆದು ಹಿಡಿಯುವ ಕಂಬಿ. ಆಮೇಲೆ ಎರಡು ದಿನ ಸುಮ್ಮನಿದ್ದೆ. ಇದನ್ನು ಬರೆಯಲು ಈಗಲೂ ಕಷ್ಟ. ಹೇಳಿದರೆ 'ಇಂಗ್ಲಿಷ್ ಬರದ ಇಂಗ್ಲಿಷ್ ಮೇಡಂ' ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಹೇಳದಿದ್ದರೆ? ದಪ್ಪ ತಗಡು ತಣ್ಣೀರಿಗೆ ಹೇಗೋ ತಡೆದು, ಬೆಂಕಿ ಬಿದ್ದ ಮೇಲೆ ಸೋತರೆ? ಅವರು ಮುಖ ಕೊಟ್ಟುಕೊಂಡೇ ಕೂತಿರುತ್ತಾರೆ. ಮೂರನೇ ದಿನ ಮೊದಲ ಪೀರಿಯಡ್ಡಿಗೆ ರಜೆ ಹೇಳಿ ಶೆಡ್ಡಿಗೆ ಓಡಿದೆ.

"ಬೆಸುಗೆ ನಿಮ್ದು ಸರಿಯಾಗೇ ಇತ್ತು, ಮಾದಪ್ಪನವರೆ. ತಪ್ಪು ನಂದು. ಆ ಪದ ನಂಗೆ ಗೊತ್ತಿರಲಿಲ್ಲ. ಗೊತ್ತಿದ್ದ ಹಾಗೆ ಹೇಳ್ಬಿಟ್ಟೆ."

ತಗಡು ಉಜ್ಜುತ್ತಿದ್ದ ಅರ ಕೆಳಗಿಟ್ಟರು. "ರೀಲಿಂಗ್ ಬಾಯ್ಲರ್ ಒಳ್ಗೂವೆ ಕಂಬಿ ಅವೆ. ನಂಗೂ ಅನುಮಾನ ಬಂದಿತ್ತು. ಬುಕ್ಕಲ್ಲೇ ಬ್ಯಾಡ ಅಂದವ್ರಲ್ಲ ಅಂತ ಸುಮ್ಕಾದೆ" ಎಂದರು. ಮೂವತ್ತು ವರ್ಷದ ತಮ್ಮ ತಿಳಿವಳಿಕೆಯನ್ನು ನನ್ನ ಒಂದು ಮಾತಿಗಾಗಿ ಪಕ್ಕಕ್ಕಿಟ್ಟಿದ್ದರು! ನನಗೆ ಅಳು ತಡೆಯಲಾಗಲಿಲ್ಲ.

"ಅಯ್ ಅಳ್ಬ್ಯಾಡಿ, ಸುಮ್ಕಿರಿ. ತಪ್ಪು ಓದಿದ್ಕೆ ನಂಗೇನೂ ಬ್ಯಾಸ್ರಿಲ್ಲ. ನಾನೂ ಎಷ್ಟ್ ಬಾಯ್ಲರ್ ಕೆಡಿಸಿವ್ನೋ! ಆದ್ರೆ ಒಂದ್ ಮಾತು. ಗೊತ್ತಿಲ್ದೆ ಇದ್ರೆ ಗೊತ್ತಿಲ್ಲ ಅನ್ನಿ, ಅಷ್ಟು ಜಾಗ ಖಾಲಿ ಬುಡಿ. ಖಾಲಿ ಜಾಗ ನಂಗೆ ಕಾಣ್ತದೆ, ಉಸಾರಾಗಿರ್ತೀನಿ. ನೀವು ಮ್ಯಾಲೆ ಮುಚ್ಬುಟ್ರೆ ನಾನು ಅದ್ರ ಮ್ಯಾಲೇ ಕಾಲಿಡ್ತೀನಲ್ಲಮ್ಮ."

ಬೈದಿದ್ದರೆ ಮರೆಯುತ್ತಿದ್ದೆನೇನೋ. ಬೈಯಲಿಲ್ಲ, ಟೀ ತರಿಸಿದರು. ಊರಲ್ಲಿ ಯಾರಿಗೂ ಹೇಳಲೂ ಇಲ್ಲ. ಮಾರನೆಯ ದಿನ ತರಗತಿಯಲ್ಲಿ ಹುಡುಗಿಯೊಬ್ಬಳು ಯಾವುದೋ ಪದ ಕೇಳಿದಳು. "ಗೊತ್ತಿಲ್ಲಮ್ಮ, ನಿಘಂಟು ತಗೊಂಬಾ, ನೋಡೋಣ" ಎಂದೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಮಕ್ಕಳು ಮುಗಿಬಿದ್ದು ಹುಡುಕಿದರು. ಆ ದಿನದಿಂದಲೇ ನಾನು ನಿಜವಾಗಿ ಇಂಗ್ಲಿಷ್ ಕಲಿಯತೊಡಗಿದ್ದು. ಇವತ್ತು ನಾಲ್ಕು ಜನ ನನ್ನನ್ನು ಒಳ್ಳೆಯ ಮೇಡಂ ಅನ್ನುತ್ತಾರಾದರೆ ಅದು ಮಾದಪ್ಪನವರು ಹಾಕಿದ ಭಿಕ್ಷೆ.

ಕಂಬಿ ಬಿಗಿದ ಬಾಯ್ಲರ್ ಮುಂದಿನ ತಿಂಗಳು ನೀರಿಗೂ ಜಗ್ಗಲಿಲ್ಲ, ಹಬೆಗೂ ಜಗ್ಗಲಿಲ್ಲ. ಶೆಡ್ಡಿನ ಹಿಂದೆ ಕಬ್ಬಿಣದ ಪಟ್ಟಿ ಜೋಡಿಸಿ ನಲವತ್ತು ಅಡಿ ಹಳಿ ಹಾಕಿದ್ದರು. ರೀಲಿಂಗ್ ಹೆಂಗಸರೆಲ್ಲ ಒದ್ದೆ ಕೈಯಲ್ಲೇ ನೋಡಲು ಬಂದರು. ಎಂಜಿನ್ನಿಗೆ ಕಟ್ಟಿದ ಪುಟ್ಟ ಗಾಡಿಯ ಮೇಲೆ ಮೊದಲು ನೀವೇ ಕೂರಬೇಕು ಎಂದು ಮಾದಪ್ಪನವರು ಹಟ ಹಿಡಿದರು. ನನ್ನ ಗಾತ್ರ ನೋಡಿ ಒಬ್ಬಾಕೆ, "ಎಳಿತದಾ ಮಾದಣ್ಣ?" ಎಂದಳು. ಎಳೆಯಿತು! ಚುಫ್ ಚುಫ್ ಎಂದು ಎಳೆದುಕೊಂಡು ಹೋಯಿತು. ಮಾದಪ್ಪನವರು ಪಕ್ಕದಲ್ಲೇ ಬಗ್ಗಿಕೊಂಡು ನಡೆಯುತ್ತಾ, "ನಡೀತದೆ ನೋಡಿ, ನಡೀತದೆ" ಎಂದು ಮಗುವಿಗೆ ನಡಿಗೆ ಕಲಿಸುವವರಂತೆ ಹೇಳುತ್ತಲೇ ಇದ್ದರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಹೊಗೆಯ ನೆಪ ಹೇಳಿದೆ. ಆಮೇಲೆ ಅದನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಯಳಂದೂರಿನ ಶಾಲೆಗಳಿಗೂ ಹೋಗಿ ಓಡಿಸಿ ಬಂದರು. ಅದಕ್ಕಿಂತ ಹಳೆಯದೊಂದು ಎಂಜಿನ್ ಕಟ್ಟಲೂ ಶುರುಮಾಡಿದರು. ಅದು ಅರ್ಧಕ್ಕೇ ನಿಂತಿದೆ.

ಅವರು ಹೋಗಿ ಈಗ ಎರಡು ವರ್ಷ. ಕೊನೆಯ ಸಲ ಕಂಡದ್ದು ಮುಳ್ಳೂರಿನ ಅವರ ಮನೆಯಲ್ಲಿ. ಮಂಚದ ಮೇಲೆ ಇಷ್ಟೇ ಇಷ್ಟಾಗಿ ಮಲಗಿದ್ದರು. ಅವರ ಹೆಂಡತಿ ಟೀ ಮಾಡಲು ಒಳಗೆ ಹೋದದ್ದೇ ತಡ, ದಿಂಬಿನ ಕೆಳಗಿನಿಂದ ಆಸ್ಪತ್ರೆಯ ಫೈಲು ತೆಗೆದು ನನ್ನ ಕೈಗಿಟ್ಟರು.

"ಮನೇವ್ರೆಲ್ಲ ಅಲ್ಸರ್ರು ಅಂತವ್ರೆ. ಡಾಕ್ಟ್ರು ನನ್ ಮಕ ನೋಡಾಕಿಲ್ಲ, ಮಗನ ಮಕ ನೋಡ್ಕಂಡು ಮಾತಾಡ್ತಾರೆ. ಎಲ್ಲ ಇಂಗ್ಲಿಷು. ಓದಿ ಏಳಿ ಮೇಡಮ್ಮೋರೆ."

ಮೊದಲ ಹಾಳೆಯಲ್ಲೇ ತಿಳಿಯಿತು. ಅಲ್ಸರ್ ಎಂದು ಹೇಳಿ ಫೈಲು ಮುಚ್ಚುವುದು ಎಷ್ಟು ಸುಲಭವಿತ್ತು! ಮನೆಯವರೂ ಅದನ್ನೇ ಬಯಸಿದ್ದರು. ಅವರ ಮುಖ ನೋಡಿದೆ. ಬೇರೆ ಯಾರಿಗಾದರೂ ಸುಳ್ಳು ಹೇಳಬಹುದಿತ್ತು, ಇವರಿಗೆ ನನ್ನಿಂದಾಗಲಿಲ್ಲ. ಒಂದೊಂದೇ ಸಾಲನ್ನು ಕನ್ನಡ ಮಾಡಿ ಓದಿದೆ. ಗಡ್ಡೆ ಎಲ್ಲಿದೆ, ಎಷ್ಟಿದೆ, ಎಲ್ಲೆಲ್ಲಿಗೆ ಹರಡಿದೆ. ಅವರು ಮಿಸುಕಾಡದೆ ಕೇಳಿಸಿಕೊಂಡರು. ಕೊನೆಯ ಹಾಳೆಯಲ್ಲಿ ಉದ್ದದ್ದೊಂದು ಪದ ಬಂತು. ನಿಂತೆ.

"ಈ ಪದ ನಂಗೆ ಗೊತ್ತಿಲ್ಲ, ಮಾದಪ್ಪನವರೆ."

ಅವರು ನನ್ನ ಕೈಮೇಲೆ ಕೈಯಿಟ್ಟು ಕಣ್ಣು ಮುಚ್ಚಿಕೊಂಡರು.

"ಸರಿ ಬುಡಿ. ಅಂಗಾದ್ರೆ ಮಿಕ್ಕಿದ್ದೆಲ್ಲ ದಿಟ."